ತವರದ ಊರಿನಲ್ಲಿ ಟೀಪಾಟಿನ ಜಾಡು

ಮಸ್ಜಿದ್ ಜಮೆಕ್ ನಿಲ್ದಾಣದಲ್ಲಿ ರೈಲಿಳಿದು ಸ್ವಲ್ಪ ನಡೆದರೆ ಎರಡು ಹೊಳೆಗಳು ಕೂಡುವ ಮೂಲೆ ಸಿಗುತ್ತದೆ. ಗೊಂಬಾಕ್ ಒಂದು ಬದಿಯಿಂದ ಬರುತ್ತದೆ, ಕ್ಲಾಂಗ್ ಇನ್ನೊಂದು ಬದಿಯಿಂದ. ಎರಡರ ನಡುವಿನ ತುದಿಯಲ್ಲಿ 1909ರಲ್ಲಿ ಕಟ್ಟಿದ ಜಮೆಕ್ ಮಸೀದಿಯ ಗುಮ್ಮಟಗಳು. ಹೊಳೆಗಳಿಗೆ ಈಗ ಕಾಂಕ್ರೀಟಿನ ದಂಡೆ ಬಂದಿದೆ, ಸುತ್ತ ಬ್ಯಾಂಕುಗಳ ಎತ್ತರದ ಕಟ್ಟಡಗಳು ಎದ್ದಿವೆ. ಇಂದಿನ ಕ್ವಾಲಾಲಂಪುರ ಬೆಳೆದದ್ದು ಈ ಮೂಲೆಯಿಂದ. ಅದನ್ನು ಬೆಳೆಸಿದ್ದು ಒಂದೇ ಒಂದು ಲೋಹ: ತವರ.

1857ರಲ್ಲಿ ಕ್ಲಾಂಗ್ ಸೀಮೆಯ ಮಲಯ ಒಡೆಯ ರಾಜಾ ಅಬ್ದುಲ್ಲಾ 87 ಚೀನೀ ಗಣಿಗಾರರನ್ನು ದೋಣಿಯಲ್ಲಿ ಹೊಳೆಯ ಮೇಲ್ಮುಖಕ್ಕೆ ಕಳಿಸಿದ. ಸಂಗಮದ ಹತ್ತಿರ ದಡ ಹತ್ತಿದ ಅವರು ಕಾಡು ಕಡಿಯುತ್ತ ಅಂಪಾಂಗ್ ಕಡೆಗೆ ನಡೆದರು. ತಿಂಗಳೊಪ್ಪತ್ತಿನಲ್ಲಿ 69 ಮಂದಿ ಜ್ವರಕ್ಕೆ ಬಲಿಯಾದರು. ಉಳಿದವರು 18. ಅವರ ಬೆನ್ನಿಗೆ ಇನ್ನೂ 150 ಜನರನ್ನು ಕಳಿಸಲಾಯಿತು. 1859ರ ಹೊತ್ತಿಗೆ ಅಂಪಾಂಗಿನ ತವರ ಹೊರದೇಶಕ್ಕೆ ಸಾಗತೊಡಗಿತು.

ನಾನು ಈ ಊರಿಗೆ ಬಂದದ್ದು ಹಳೆಯ ಪ್ಯೂಟರ್ ಟೀಪಾಟುಗಳ ಮೇಲಿನ ಪ್ರೀತಿಯಿಂದ. ಪ್ಯೂಟರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ತವರವೇ ಇರುತ್ತದೆ. ಗಟ್ಟಿತನಕ್ಕೆಂದು ಒಂದಿಷ್ಟು ತಾಮ್ರ, ಒಂದಿಷ್ಟು ಆಂಟಿಮನಿ ಬೆರೆಸುತ್ತಾರೆ. ಬೆಳ್ಳಿಯಂತೆ ಕಂಡರೂ ಅದರ ಹೊಳಪು ಮೃದು, ಬೆಲೆ ಕಡಿಮೆ. ಲಂಡನ್ನಿನಲ್ಲೋ ಬಾಸ್ಟನ್ನಿನಲ್ಲೋ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಂಥ ಟೀಪಾಟ್ ಕಂಡರೆ ಪಕ್ಕದ ಚೀಟಿಯಲ್ಲಿ ಮಾಡಿದವರ ಹೆಸರು, ಕಾಲ, ಊರು ಇರುತ್ತವೆ. ಆ ಲೋಹ ಯಾವ ನೆಲದ್ದು, ಯಾರು ಅಗೆದು ತೆಗೆದದ್ದು ಎಂಬುದು ಬರೆದಿರುವುದು ತೀರ ಅಪರೂಪ. ಕ್ವಾಲಾಲಂಪುರದಲ್ಲಿ ಮಾತ್ರ ಅಗೆದ ನೆಲ, ಎರಕ ಹೊಯ್ದ ಕೈ ಎರಡನ್ನೂ ಒಂದೇ ಹಗಲಿನಲ್ಲಿ ಜೋಡಿಸಿ ನೋಡಬಹುದು.

ಸಂಗಮದಿಂದ ದಕ್ಷಿಣಕ್ಕೆ ತಿರುಗಿದರೆ ಮೇದಾನ್ ಪಸಾರ್, ಹಿಂದಿನ ಮಾರ್ಕೆಟ್ ಚೌಕ. ಸಾಲಾಗಿ ನಿಂತ ಹಳೆಯ ಅಂಗಡಿಮನೆಗಳ ಮೇಲ್ಮಾಳಿಗೆಯ ಕಿಟಕಿಗಳಿಗೆ ಈಗ ತಿಳಿಬಣ್ಣ ಬಳಿದಿದ್ದಾರೆ. 19ನೇ ಶತಮಾನದಲ್ಲಿ ಇಲ್ಲಿ ಯಾಪ್ ಆಹ್ ಲಾಯ್‌ನ ಮನೆಯಿತ್ತು, ಅವನ ಸಂತೆಯಿತ್ತು. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಿಂದ ಬರಿಗೈಯಲ್ಲಿ ಬಂದ ಈ ಹಕ್ಕಾ ಹುಡುಗ 1868ರಲ್ಲಿ ಚೀನೀಯರ ಮುಖ್ಯಸ್ಥನಾದ. ಈ ಊರಿರುವ ಸೆಲಂಗೋರ್ ರಾಜ್ಯದ ಅಂತರ್ಯುದ್ಧದಲ್ಲಿ ಊರು ಸುಟ್ಟುಹೋದಾಗ ಮತ್ತೆ ಕಟ್ಟಿದವನು ಅವನೇ. 1881ರಲ್ಲಿ ಬೆಂಕಿ ಮತ್ತು ನೆರೆ ಒಂದೇ ವರ್ಷ ಬಂದು ಮರ, ಹುಲ್ಲಿನ ಮನೆಗಳು ಹೋದವು. ಬ್ರಿಟಿಷ್ ರೆಸಿಡೆಂಟ್ ಫ್ರಾಂಕ್ ಸ್ವೆಟನ್‌ಹ್ಯಾಮ್ ಇಟ್ಟಿಗೆಯಲ್ಲೇ ಕಟ್ಟಬೇಕೆಂದು ಹಟ ಹಿಡಿದ. ಹತ್ತಿರದಲ್ಲೇ, ಲೆಬೊ ಪುಡುವಿನ ಗಲ್ಲಿಯೊಳಗೆ, ಯಾಪ್ 1864ರಲ್ಲಿ ಸ್ಥಾಪಿಸಿದ ಸಿನ್ ಸ್ಜೆ ಸಿ ಯಾ ದೇಗುಲವಿದೆ. ಒಳಗೆ ಹೊಗೆ, ಊದುಬತ್ತಿಯ ಘಮ, ಸುರುಳಿ ಸುರುಳಿಯಾಗಿ ತೂಗುವ ಧೂಪ. ಊರಿನ ತವರದ ಕುಶಲಕರ್ಮಿಗಳಿಗೆ ಮೊದಲು ಕೆಲಸ ಸಿಕ್ಕಿದ್ದು ಇಂಥ ಪೀಠಗಳಿಂದ. ದೇವರ ಮುಂದಿಡುವ ಊದುಬತ್ತಿ ಗೂಡು, ಮೇಣದಬತ್ತಿ ಕಂಬ, ಧೂಪಾರತಿ ಇವೆಲ್ಲ ತವರದವು. ಟೀಪಾಟ್ ಬಂದದ್ದು ಆಮೇಲೆ.

ಹತ್ತಿರದ ಲೆಬೊ ಅಂಪಾಂಗ್ ಬೀದಿಯಲ್ಲಿ ತಮಿಳುನಾಡಿನ ನಾಟುಕೋಟೈ ಚೆಟ್ಟಿಯಾರರ ಲೇವಾದೇವಿ ಕೊಠಡಿಗಳಿದ್ದವು. ಗಣಿಯ ಹಿಂದೆ ಸಾಲ ಇತ್ತು. ಸಾಲದ ಹಿಂದೆ ಅಫೀಮೂ ಇತ್ತು. ಹಡಗಿನ ಬಾಡಿಗೆಯನ್ನು ಸಾಲವಾಗಿ ಹೊತ್ತು ಬಂದ ಕೂಲಿ, ಗಣಿ ಒಡೆಯನ ಅಂಗಡಿಯಲ್ಲೇ ಅಕ್ಕಿ ಕೊಳ್ಳಬೇಕು, ಅಲ್ಲೇ ಅಫೀಮು ಕೊಳ್ಳಬೇಕು. ಭಾರತದ ಹೊಲಗಳಲ್ಲಿ ಬೆಳೆದ ಅಫೀಮು ಇಲ್ಲಿ ಕೂಲಿಯ ದಿನಗೂಲಿಯನ್ನು ನುಂಗುತ್ತಿತ್ತು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮರದ ತಟ್ಟೆಯಲ್ಲಿ ಮರಳು ಜಾಲಿಸಿ ತವರದ ಅದಿರು ಹೆಕ್ಕುತ್ತಿದ್ದ ಹೆಂಗಸರಿಗೆ ದುಲಾಂಗ್ ತೊಳೆಯುವವರೆಂದು ಹೆಸರು. ಅವರಲ್ಲಿ ಹೆಚ್ಚಿನವರು ಹಕ್ಕಾ ಹೆಂಗಸರು. ಈ ಕಷ್ಟವನ್ನು ಮರೆತು ಟೀಪಾಟಿನ ಅಂದವನ್ನಷ್ಟೇ ಹೊಗಳುವುದು ನನ್ನಿಂದ ಆಗದ ಮಾತು.

ತವರ ಹೊರಗೆ ಹೋದ ಬಗೆ ಹೇಗೆಂದು ತಿಳಿದರೆ ಮುಂದಿನದು ಸಲೀಸು. ಕ್ವಾಲಾಲಂಪುರದಿಂದ ಕ್ಲಾಂಗ್ ಕಡೆಗೆ 1886ರಲ್ಲಿ ರೈಲು ಓಡಿತು. ಅದು ಹಾಕಿದ್ದೇ ತವರಕ್ಕೆ. ಮುಂದಿನ ವರ್ಷ ಸಿಂಗಪುರದಲ್ಲಿ ಸ್ಟ್ರೇಟ್ಸ್ ಟ್ರೇಡಿಂಗ್ ಕಂಪನಿ ಹುಟ್ಟಿ, 1890ರಲ್ಲಿ ಪುಲಾವ್ ಬ್ರಾನಿ ನಡುಗಡ್ಡೆಯಲ್ಲಿ ದೊಡ್ಡ ಕುಲುಮೆ ಹೂಡಿತು. ಮಲಯದ ಅದಿರು ಅಲ್ಲಿ ಕರಗಿ, ಗಟ್ಟಿಗಳಾಗಿ, ಹಡಗೇರಿತು. ಶತಮಾನದ ಕೊನೆಗೆ ಜಗತ್ತಿನ ತವರದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಮಲಯದ್ದು. ವೇಲ್ಸಿನ ಕಾರ್ಖಾನೆಗಳು ಅದನ್ನು ಉಕ್ಕಿನ ತಗಡಿಗೆ ಬಳಿದು ಆಹಾರದ ಡಬ್ಬಿ, ಸೀಮೆಎಣ್ಣೆ ಡಬ್ಬಿ ಮಾಡಿ ಜಗತ್ತಿಗೆ ಮಾರಿದವು. ರಫ್ತಿನ ಸುಂಕವೇ ಸೆಲಂಗೋರ್, ಪೆರಾಕ್ ಸರ್ಕಾರಗಳ ಮುಖ್ಯ ವರಮಾನ. 1903ರಲ್ಲಿ ಅಮೆರಿಕದ ಉದ್ಯಮಿಗಳು ಮಲಯದ ಅದಿರನ್ನು ನ್ಯೂಜೆರ್ಸಿಗೆ ಒಯ್ದು ಕರಗಿಸಲು ಹೊರಟರು. ಬ್ರಿಟಿಷ್ ಆಡಳಿತ ಅದಿರಿನ ರಫ್ತಿಗೆ ಭಾರಿ ಸುಂಕ ಹೇರಿ ಆ ದಾರಿಯನ್ನೇ ಮುಚ್ಚಿತು. ಲೋಹ ಯಾರದಾದರೇನು, ಅದನ್ನು ಯಾರು ಎಲ್ಲಿ ಕರಗಿಸಬೇಕು ಎಂದು ತೀರ್ಮಾನಿಸುವ ಅಧಿಕಾರ ತಮ್ಮದೆಂದು ಅವರು ತೋರಿಸಿಕೊಟ್ಟರು.

ನಮ್ಮ ಮನೆಗಳಿಗೂ ಈ ವ್ಯಾಪಾರ ಮುಟ್ಟಿದೆ. ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಲು ಬೇಕಾದ ತವರ ನಮ್ಮಲ್ಲಿ ಹುಟ್ಟುತ್ತಿದ್ದದ್ದು ಅತ್ಯಲ್ಪ. ಅದು ಬಂದರುಗಳ ಮೂಲಕ ಪೂರ್ವದ ಈ ಸೀಮೆಯಿಂದಲೇ ಬರುತ್ತಿತ್ತು. ಬೀದಿಯಲ್ಲಿ ತಿದಿಯೂದಿ, ನವಸಾಗರ ಉದುರಿಸಿ, ಬಟ್ಟೆಯುಂಡೆಯಿಂದ ಒರೆಸಿ ಪಾತ್ರೆಯ ಒಳಮೈ ಬೆಳಗುತ್ತಿದ್ದ ಕಲಾಯಿಯವರ ಹಿಂದೆ ಮಲಯದ ಗಣಿಗಳಿದ್ದವು.

ಮತ್ತೆ ಮಸ್ಜಿದ್ ಜಮೆಕ್‌ಗೆ ಬಂದು ಕೆಲಾನಾ ಜಯಾ ಮಾರ್ಗದ ರೈಲು ಹತ್ತಿದರೆ ವಾಂಗ್ಸಾ ಮಾಜು ನಿಲ್ದಾಣ. ಅಲ್ಲಿಂದ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ, ಸೆತಾಪಾಕ್ ಬಡಾವಣೆಯ ರಾಯಲ್ ಸೆಲಂಗೋರ್ ಪ್ಯೂಟರ್ ಕಾರ್ಖಾನೆ. ಮುಂದೆಯೇ ಒಂದು ಆಳೆತ್ತರದ ಪ್ಯೂಟರ್ ಟ್ಯಾಂಕರ್ಡ್ ನಿಂತಿದೆ. ಬಿಯರ್ ಕುಡಿಯುವ ಹಿಡಿಯುಳ್ಳ ಮಗ್ಗಿನ ಭೀಮರೂಪ: 1.987 ಮೀಟರ್ ಎತ್ತರ, 1,557 ಕಿಲೊ ತೂಕ, 2,796 ಲೀಟರ್ ಹಿಡಿಯುತ್ತದೆ. ಕಾರ್ಖಾನೆಯ ನೂರನೇ ವರ್ಷಕ್ಕೆ, 1985ರಲ್ಲಿ ಮಾಡಿದ್ದು. ಜನ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನನ್ನು ಸೆಳೆದದ್ದು ಒಳಗಿನ ಪುಟ್ಟ ಸಾಮಾನುಗಳು.

ಒಳಗೆ ಕಾಲಿಟ್ಟರೆ ಮೊದಲು ಸಂಗ್ರಹಾಲಯ. ಬ್ರಿಟಿಷರಿಗಿಂತ ಮುಂಚೆ ಮಲಯ ರಾಜ್ಯಗಳಲ್ಲಿ ನಡೆಯುತ್ತಿದ್ದ ತವರದ ಹಣ ಇಲ್ಲಿದೆ. ಮೊಸಳೆ, ಆಮೆ, ಹುಂಜದ ಆಕಾರದಲ್ಲಿ ಎರಕ ಹೊಯ್ದ ಗಟ್ಟಿಗಳು. ಪಹಾಂಗ್ ಸೀಮೆಯಲ್ಲಿ ಚಲಾವಣೆಯಲ್ಲಿದ್ದ ಟೋಪಿಯಾಕಾರದ ನಾಣ್ಯಗಳು. ಲೋಹವೇ ಹಣವಾಗಿದ್ದ ಕಾಲದ ಸಾಕ್ಷಿ ಇದು. ಮೊಸಳೆಯ ಬೆನ್ನಿನ ಹುರುಪೆಯನ್ನು ಎರಕದಲ್ಲಿ ಮೂಡಿಸಿದ ಕೈಚಳಕ ನೋಡಿದರೆ ಈ ನೆಲಕ್ಕೆ ತವರದ ಕಸುಬು ಹೊಸದಲ್ಲವೆಂದು ತಿಳಿಯುತ್ತದೆ. ಪಕ್ಕದಲ್ಲಿ ಹಳೆಯ ಸುತ್ತಿಗೆ, ಅರ, ಕೆತ್ತುವ ಉಳಿ, ಎರಕದ ಸೌಟು.

ಈ ಕಾರ್ಖಾನೆಯ ಮೂಲ ಪುರುಷ ಯೋಂಗ್ ಕೂನ್. ದಕ್ಷಿಣ ಚೀನಾದ ಶಾಂಟೌ ಬಂದರಿನಿಂದ 1885ರಲ್ಲಿ ಎಳೆಯ ಪ್ರಾಯದಲ್ಲಿ ಕ್ವಾಲಾಲಂಪುರಕ್ಕೆ ಬಂದ. ಊರು ಕಟ್ಟಿದ ಯಾಪ್ ಆಹ್ ಲಾಯ್ ತೀರಿಕೊಂಡದ್ದು ಅದೇ ವರ್ಷ. ಯೋಂಗ್ ಕೂನ್ ಬಿಟ್ಟುಬಂದ ಶಾಂಟೌ ಕೂಡ ವಸಾಹತು ವ್ಯಾಪಾರದ ಬಾಗಿಲೇ. ಅಫೀಮು ಯುದ್ಧದ ಒಪ್ಪಂದಗಳ ಬಳಿಕ 1860ರಲ್ಲಿ ಆ ಬಂದರು ವಿದೇಶಿಯರಿಗೆ ತೆರೆದುಕೊಂಡಿತು. ಅಲ್ಲಿನ ತವರದ ಕುಶಲಕರ್ಮಿಗಳು ಹೆಸರುವಾಸಿ. ಆ ಊರಿನ ಹಳೆಯ ಹೆಸರಾದ ‘ಸ್ವಾಟೊವ್’ ಎಂದು ತಳದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರೆಯೊತ್ತಿದ ಟೀಪಾಟುಗಳು ಹಡಗಿನವರ, ಅಧಿಕಾರಿಗಳ ಪೆಟ್ಟಿಗೆಗಳಲ್ಲಿ ಇಂಗ್ಲೆಂಡು, ಅಮೆರಿಕ ಸೇರಿದವು. ಹೊಟ್ಟೆಯ ಮೇಲೆ ಹಿತ್ತಾಳೆಯ ಡ್ರ್ಯಾಗನ್ ಅಂಟಿಸಿದವು ಇಂದಿಗೂ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಬ್ರಿಟಿಷರು 1898ರಿಂದ 1930ರವರೆಗೆ ಗುತ್ತಿಗೆಗೆ ಹಿಡಿದಿದ್ದ ವೈಹೈವೈ ಬಂದರಿನಿಂದಲೂ ಅಂಥವು ಹೋದವು.

ಯೋಂಗ್ ಕೂನ್‌ನ ಮೊದಲ ಗಿರಾಕಿಗಳು ಚೀನೀ ಮನೆಗಳು, ದೇಗುಲಗಳು. ಬ್ರಿಟಿಷ್ ಅಧಿಕಾರಿಗಳೂ ತೋಟದ ಮಾಲೀಕರೂ ಹೆಚ್ಚಾದಂತೆ ಅವರಿಗೆ ಬೇಕಾದ ಟ್ಯಾಂಕರ್ಡ್, ಬೂದಿಬಟ್ಟಲು, ಟೀಪಾಟ್, ಹಾಲಿನ ಕುಡಿಕೆ, ಸಕ್ಕರೆ ಡಬ್ಬಿ ತಯಾರಾದವು. ಗಾಜಿನ ಹಿಂದಿನ ಒಂದು ಟೀಪಾಟಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಕರಬೂಜದ ಆಕಾರದ ಹೊಟ್ಟೆ, ನಯವಾಗಿ ಬಾಗಿದ ಕೊಕ್ಕು. ಮೈಸೂರು ಸೀಮೆಯ ಅಯ್ಯಂಗಾರ್ ಮನೆಗಳಲ್ಲಿ ತಿಳಿಸಾರು ಕುದಿಸುವ ಈಯದ ಚೊಂಬಿಗೆ ಇರುವಂಥದೇ ಮಂಕು ಬಿಳುಪು. ಈಯದ ಚೊಂಬೂ ತವರದ್ದೇ ಅಲ್ಲವೇ.

ಈ ಟೀಪಾಟಿನ ಬಗ್ಗೆ ಕಾರ್ಖಾನೆಯವರು ಹೇಳುವ ಕತೆಯೊಂದಿದೆ. ಎರಡನೇ ಮಹಾಯುದ್ಧದ ಕಾಲ, ಊಟಕ್ಕೆ ಹಾಹಾಕಾರ. ಹಳ್ಳಿಯವನೊಬ್ಬ ಜೀವದಾಸೆ ಬಿಟ್ಟು ಒಂದು ಗೋದಾಮಿಗೆ ನುಗ್ಗಿದ. ನೆಲದ ಮೇಲೆ ಹೊಳೆಯುತ್ತಿದ್ದ ಟೀಪಾಟನ್ನು ಎತ್ತಿಕೊಳ್ಳಲು ಬಾಗಿದ ಗಳಿಗೆಯಲ್ಲೇ ಗುಂಡು ತಲೆಯ ಮೇಲಿಂದ ಹಾರಿಹೋಯಿತು. ಆಮೇಲೆ ಆತ ಅದನ್ನು ಕೈಬಿಡಲಿಲ್ಲ. ಮುಂದೆ ಒಬ್ಬ ಗೆಳೆಯನ ಕೈಗೆ ಸೇರಿದಾಗ ತಳದ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ, ಇದು ಯೋಂಗ್ ಕೂನ್ ಮಾಡಿದ್ದೆಂದು ಪತ್ತೆಹಚ್ಚಲಾಯಿತು. ಸಾವಿನಿಂದ ಪಾರು ಮಾಡಿದ ಅದೃಷ್ಟದ ಟೀಪಾಟ್ ಎಂದು ಬಂದವರೆಲ್ಲ ಬೆರಗಾಗುತ್ತಾರೆ. ನನಗೆ ತಳದ ಆ ಪುಟ್ಟ ಮುದ್ರೆ ಹೆಚ್ಚಿನದೆನಿಸಿತು. ಆಗ ಮಲಯದಿಂದ ಹೊರಗೆ ಹೋದ ಲೆಕ್ಕವಿಲ್ಲದಷ್ಟು ತವರದ ಗಟ್ಟಿಗಳ ಮೇಲೆ ಇದ್ದದ್ದು ಕುಲುಮೆಯ ಕಂಪನಿಯ ಗುರುತು. ಅಗೆದವರ ಗುರುತು ಎಲ್ಲೂ ಇಲ್ಲ. ಈ ಟೀಪಾಟಿನಲ್ಲಿ ಮಾತ್ರ ಒಬ್ಬ ವಲಸೆಗಾರ ಕುಶಲಕರ್ಮಿಯ ಹೆಸರು ಲೋಹದಲ್ಲೇ ಉಳಿದಿದೆ. ಎಷ್ಟೋ ವರ್ಷಗಳ ಮೇಲೆ ಅದೇ ಅವನನ್ನು ಪತ್ತೆಮಾಡಿಸಿದೆ.

ಹೀಗೆ ಮುದ್ರೆ ಒತ್ತುವುದು ಪ್ಯೂಟರಿನವರ ಹಳೆಯ ಪದ್ಧತಿ. ಲಂಡನ್ನಿನಲ್ಲಿ ಪ್ಯೂಟರ್ ಕಸುಬಿನವರ ಸಂಘಕ್ಕೆ 15ನೇ ಶತಮಾನದಲ್ಲೇ ರಾಜ ನಾಲ್ಕನೇ ಎಡ್ವರ್ಡ್ ಸನ್ನದು ಕೊಟ್ಟಿದ್ದ. ಪ್ರತಿಯೊಬ್ಬರೂ ತಮ್ಮ ಗುರುತನ್ನು ಸಂಘದ ಫಲಕದಲ್ಲಿ ಒತ್ತಿ ದಾಖಲಿಸಬೇಕಿತ್ತು. 18ನೇ ಶತಮಾನದಲ್ಲಿ ಅವರ ತಟ್ಟೆ, ಮಗ್, ಟೀಪಾಟುಗಳು ಹಡಗು ಹಡಗಾಗಿ ಅಮೆರಿಕದ ವಸಾಹತುಗಳಿಗೆ ಹೋದವು. ಲಂಡನ್ನಿನ ಜಾನ್ ಟೌನ್ಸೆಂಡ್ ಈ ರಫ್ತಿನಲ್ಲಿ ದೊಡ್ಡ ಹೆಸರು. ಸಿದ್ಧ ಸಾಮಾನು ಸಲೀಸಾಗಿ ಬರುತ್ತಿದ್ದರೆ ಕಾರ್ನ್‌ವಾಲಿನ ಕಚ್ಚಾ ತವರಕ್ಕೆ ಸುಂಕದ ಅಡ್ಡಿ. ಅಮೆರಿಕದಲ್ಲಿ ಗಣಿ ಇರಲಿಲ್ಲ. ಹಾಗಾಗಿ ಫಿಲಡೆಲ್ಫಿಯಾದ ವಿಲಿಯಂ ವಿಲ್‌ನಂಥ ನುರಿತ ಕೈಗಳು ಮನೆಮನೆಯ ಒಡಕು ಪ್ಯೂಟರ್ ಕೊಂಡು, ಕರಗಿಸಿ, ಹೊಸ ಟೀಪಾಟ್ ಮಾಡಬೇಕಾಯಿತು. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದ ಜನರ ಸಿಟ್ಟಿನ ಹಿಂದೆ ಇಂಥ ವ್ಯಾಪಾರದ ಕಟ್ಟುಪಾಡುಗಳ ಒಟ್ಟು ಭಾರವಿತ್ತು. ಚಹಾ ಚೀನಾದ್ದು, ಹಡಗಿನಲ್ಲಿ ತುಂಬಿ ಕಳಿಸುವ ಹಕ್ಕು ಲಂಡನ್ನಿನದು, ಕುಡಿಯುವ ಪಾತ್ರೆಯೂ ಲಂಡನ್ನಿನ ಮುದ್ರೆಯದು.

ಆ ಶತಮಾನದ ಕೊನೆಯಲ್ಲಿ ಶೆಫೀಲ್ಡಿನವರು ಸೀಸ ಬಿಟ್ಟು ಆಂಟಿಮನಿ ಬೆರೆಸಿದ ಬ್ರಿಟಾನಿಯಾ ಲೋಹ ತಂದರು. ಅದನ್ನು ತಗಡಾಗಿ ಉರುಳಿಸಿ, ಯಂತ್ರದಲ್ಲಿ ಒತ್ತಿ ತೆಳ್ಳನೆಯ ಟೀಪಾಟುಗಳನ್ನು ಅಗ್ಗವಾಗಿ ಮಾಡಬಹುದಿತ್ತು. ಜೇಮ್ಸ್ ಡಿಕ್ಸನ್ ಅಂಡ್ ಸನ್ಸ್ ಮುಂತಾದ ಕಾರ್ಖಾನೆಗಳ ಮಾಲು ಜಗತ್ತೆಲ್ಲ ಹರಡಿತು. 19ನೇ ಶತಮಾನ ಮುಂದುವರಿದಂತೆ ಕಾರ್ನ್‌ವಾಲಿನ ಗಣಿಗಳು ಸೊರಗಿ, ಬ್ರಿಟನ್ನಿನ ಕಾರ್ಖಾನೆಗಳು ಮಲಯದ ತವರವನ್ನು ನೆಚ್ಚಿದವು. ಇಂಥ ಕಾಲದಲ್ಲಿ ತವರದ ಊರಿನಲ್ಲೇ ಕುಳಿತು, ಶೆಫೀಲ್ಡಿನ ಯಂತ್ರಗಳಿಗೆ ಎದುರಾಗಿ, ಒಬ್ಬ ಕುಶಲಕರ್ಮಿ ಕೈಯಿಂದ ಟೀಪಾಟ್ ಮಾಡಿ ಮಾರಿದ್ದು ಸಣ್ಣ ಸಾಹಸವಲ್ಲ.

ಸಂಗ್ರಹಾಲಯ ದಾಟಿದರೆ ಕೆಲಸದ ಮನೆ. ಅಲ್ಲಿ ಕಾಲು ನಿಲ್ಲುತ್ತದೆ. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ಎರಕದವರು ಸುಮಾರು 250 ಡಿಗ್ರಿಯ ರಸವನ್ನು ಸೌಟಿನಲ್ಲಿ ಮೊಗೆದು ಉಕ್ಕಿನ ಅಚ್ಚಿಗೆ ಸುರಿಯುತ್ತಾರೆ. ಕೆಲವೇ ಕ್ಷಣ, ಅಚ್ಚು ಬಿಚ್ಚಿದರೆ ಬೆಳ್ಳಗಿನ ಹಿಡಿಯೋ ಕೊಕ್ಕೋ ಕೈಗೆ ಬರುತ್ತದೆ. ಸುರಿಯುವ ವೇಗ ಹೆಚ್ಚಾದರೆ ಗಾಳಿಗುಳ್ಳೆ, ಕಡಿಮೆಯಾದರೆ ಅರ್ಧಂಬರ್ಧ. ಹಾಳಾದದ್ದು ಮತ್ತೆ ಕಡಾಯಿಗೆ. ಆಚೆ ಮೇಜಿನಲ್ಲಿ ಅಂಚು ಅರದಿಂದ ಉಜ್ಜುತ್ತಾರೆ. ಈಚೆ ತಿರುಗುವ ಯಂತ್ರದ ಮುಂದೆ ಮೈ ಹೆರೆಯುತ್ತಾರೆ. ಹೊಳಪು ಕೊಡಲು ಮರಳುಕಾಗದದ ಹಾಗೆ ಒರಟಾದ ಕಾಡಿನ ಎಲೆಯೊಂದನ್ನು ಬಳಸುವ ಹಳೆಯ ಕ್ರಮ ಇಲ್ಲಿ ಇನ್ನೂ ಬದುಕಿದೆ.

ಟೀಪಾಟಿನ ಕಷ್ಟವೆಲ್ಲ ಬೆಸುಗೆಯಲ್ಲಿ. ಮೈ, ಕೊಕ್ಕು, ಹಿಡಿ ಬೇರೆ ಬೇರೆಯಾಗಿ ಎರಕವಾಗುತ್ತವೆ. ಬೆಸುಗೆಯ ಲೋಹ ಕರಗಬೇಕು, ಟೀಪಾಟಿನ ಮೈ ಕರಗಬಾರದು. ಎರಡರ ನಡುವಿನ ಅಂತರ ಹತ್ತಾರು ಡಿಗ್ರಿಯಷ್ಟೇ. ಉರಿ ಒಂದು ಗಳಿಗೆ ಹೆಚ್ಚು ನಿಂತರೆ ದಿನದ ಕೆಲಸ ತೂತಾಗುತ್ತದೆ. ಕೊಕ್ಕಿನ ಬಾಯಿ ಟೀಪಾಟಿನ ಒಳಗಿನ ಚಹಾದ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ತುಂಬುವಾಗಲೇ ಸುರಿಯುತ್ತದೆ. ತವರ ಬೇಗ ಕಾಯುವ ಲೋಹವಾದ್ದರಿಂದ ಹಳೆಯ ಟೀಪಾಟುಗಳಿಗೆ ಮರದ ಹಿಡಿ ಇಡುತ್ತಿದ್ದರು, ಇಲ್ಲವೇ ಬೆತ್ತ ಸುತ್ತುತ್ತಿದ್ದರು. ಇನ್ನೊಂದು ಸಾಲಿನಲ್ಲಿ ಹೆಂಗಸರು ಪುಟ್ಟ ಸುತ್ತಿಗೆಯಿಂದ ಬಟ್ಟಲುಗಳ ಮೈಮೇಲೆ ಸಮನಾದ ಗುಳಿಗಳನ್ನು ಹೊಡೆಯುತ್ತಾರೆ. ಗೆರೆ ಎಳೆದುಕೊಳ್ಳುವುದಿಲ್ಲ, ಅಳತೆಪಟ್ಟಿ ಇಲ್ಲ. ಕಣ್ಣಳತೆ, ಕೈಯ ಲಯ, ಅಷ್ಟೇ. ದೀರ್ಘಕಾಲ ದುಡಿದ ಕೆಲಸಗಾರರ ಅಂಗೈ ಗುರುತುಗಳನ್ನು ಪ್ಯೂಟರಿನಲ್ಲೇ ಎರಕ ಹೊಯ್ದು ಗೋಡೆಗೆ ಹಚ್ಚಿದ್ದಾರೆ. ಯಜಮಾನನ ಮುದ್ರೆಯ ಜೊತೆಗೆ ಕೆಲಸಗಾರರ ಕೈಗೂ ಜಾಗ ಕೊಟ್ಟಿರುವುದು ನನಗೆ ತುಂಬ ಮೆಚ್ಚಿಗೆಯಾಯಿತು. ಬಂದವರು ತಾವೇ ಸುತ್ತಿಗೆ ಹಿಡಿದು ಒಂದು ಬಟ್ಟಲು ಬಡಿದು ಮಾಡುವ ಪಾಠಶಾಲೆಯೂ ಇದೆ. ಮಕ್ಕಳನ್ನು ಕರೆದೊಯ್ಯುವವರು ತಪ್ಪಿಸಬಾರದು.

ಆಳೆತ್ತರದ ಆ ಟ್ಯಾಂಕರ್ಡಿನ ವರ್ಷ ಗಮನಿಸಿ: 1985. ಅದೇ ವರ್ಷದ ಅಕ್ಟೋಬರಿನಲ್ಲಿ ತವರದ ಬೆಲೆಯನ್ನು ಹಿಡಿದು ನಿಲ್ಲಿಸಿದ್ದ ಅಂತರರಾಷ್ಟ್ರೀಯ ತವರ ಮಂಡಳಿ ಹಣವಿಲ್ಲದೆ ಕುಸಿಯಿತು. ಲಂಡನ್ನಿನ ಲೋಹ ಪೇಟೆಯಲ್ಲಿ ತವರದ ವಹಿವಾಟು ನಿಂತೇಹೋಯಿತು, ಬೆಲೆ ಪಾತಾಳ ಕಂಡಿತು. ಮಲೇಷ್ಯಾದ ಗಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕ್ವಾಲಾಲಂಪುರದ ದಕ್ಷಿಣಕ್ಕಿರುವ ಸುಂಗೈ ಬೆಸಿಯ ಬೃಹತ್ ಗಣಿಗುಂಡಿ ಇಂದು ಮಾಲ್, ಹೋಟೆಲುಗಳ ನಡುವಿನ ಕೆರೆ. ಸನ್‌ವೇ ಲಗೂನಿನ ಜಲಕ್ರೀಡೆಯ ತಾಣವೂ ಹಳೆಯ ಗಣಿಯೇ. ಜಗತ್ತಿಗೆ ಅರ್ಧಕ್ಕೂ ಹೆಚ್ಚು ತವರ ಕೊಟ್ಟ ನಾಡಿನಲ್ಲಿ ಗಟ್ಟಿಯ ವ್ಯಾಪಾರ ಹೀಗೆ ಮುಗಿದುಹೋದಾಗ, ಅದೇ ಲೋಹದಿಂದ ಟೀಪಾಟ್ ಮಾಡುತ್ತಿದ್ದ ಕಸುಬು ನೂರು ತುಂಬಿದ ಸಂಭ್ರಮದಲ್ಲಿತ್ತು. ಕಚ್ಚಾ ಲೋಹವನ್ನು ಬೆಲೆ ಇಳಿದ ದಿನ ಯಾರೂ ಕೇಳುವುದಿಲ್ಲ. ಕಲಿತ ಕೈ ಇದ್ದ ಕಡೆ ಒಂದಿಷ್ಟು ಜನರ ಬದುಕು ನಿಲ್ಲುತ್ತದೆ. ಅದಿರು ತುಂಬಿದ ಹಡಗುಗಳನ್ನು ಇಂದಿಗೂ ಹೊರಗೆ ಕಳಿಸುತ್ತಿರುವ ನಾವು ಈ ಪಾಠವನ್ನು ಗಟ್ಟಿಯಾಗಿ ಕಲಿಯಬೇಕು.

ಹಳೆಯ ಪ್ಯೂಟರ್ ಟೀಪಾಟ್ ಕೊಳ್ಳುವ ಆಸೆಯಿದ್ದವರಿಗೆ ಎರಡು ಮಾತು. ಮೊದಲು ತಲೆಕೆಳಗು ಮಾಡಿ ತಳದ ಮುದ್ರೆ ನೋಡಿ. ಆಮೇಲೆ ಕೊಕ್ಕಿನ ಬುಡದ ಬೆಸುಗೆ ನೋಡಿ. ತೀರ ಕಪ್ಪಗೆ, ಭಾರವಾಗಿದ್ದರೆ ಸೀಸ ಬೆರೆತಿರಬಹುದು. ಅಂಥದ್ದರಲ್ಲಿ ಚಹಾ ಕುಡಿಯಬಾರದು. ಯಾವ ಪ್ಯೂಟರ್ ಟೀಪಾಟನ್ನೂ ಒಲೆಯ ಮೇಲೆ ಇಡಬೇಡಿ, ಬರಿದಾದ ಕೂಡಲೇ ಕರಗಿ ಕೂರುತ್ತದೆ.

ನೋಡಲು ಹೋಗುವವರು ಸೆತಾಪಾಕ್‌ಗೆ ಮೊದಲು ಹೋಗಬೇಡಿ. ಕಾರ್ಖಾನೆಯ ಪ್ರವೇಶ ಉಚಿತ, ಮಾರ್ಗದರ್ಶಕರು ಜೊತೆಗೆ ಬಂದು ತೋರಿಸುತ್ತಾರೆ, ಮಾರಾಟದ ಅಂಗಡಿಯೂ ದೊಡ್ಡದು. ಅಲ್ಲಿಂದ ಶುರು ಮಾಡಿದರೆ ಚೆಂದದ ಸಾಮಾನು ಕೊಂಡು ಮರಳುವುದಷ್ಟೇ ಆಗುತ್ತದೆ. ಎರಡು ಹೊಳೆ ಕೂಡುವ ಮೂಲೆಯಿಂದ ಹೊರಡಿ. ಜ್ವರಕ್ಕೆ ಬಿದ್ದ 69 ಮಂದಿ, ಸಾಲದಲ್ಲಿ ಮುಳುಗಿದ ಕೂಲಿ, ನೀರಿನಲ್ಲಿ ನಿಂತು ಅದಿರು ಜಾಲಿಸಿದ ಹೆಂಗಸರು, ಇವರನ್ನೆಲ್ಲ ಅರಿತು ಆ ಟೀಪಾಟಿನ ಮುಂದೆ ನಿಂತರೆ ಅದರ ನಿಜವಾದ ಬೆಲೆ ಎಷ್ಟೆಂದು ತಿಳಿಯುತ್ತದೆ.